ತೋಳಿನ ಮೇಲಿನ ಬೆರಳುಗಳು

ತೃಷಾ ತುಟಿ ಬಿಗಿದಳು. ಚಮಚದಲ್ಲಿದ್ದ ಗಂಜಿ ಗಲ್ಲದಿಂದ ಇಳಿದು ಕೊರಳಿಗೆ ಸುತ್ತಿದ್ದ ಟವೆಲ್ಲಿನ ಮೇಲೆ ಬಿತ್ತು.

“ಒಂದ ತುತ್ತು, ನಮ್ಮವ್ವಾ. ಅಷ್ಟ ಸಾಕು,” ಎಂದಳು ಕಲಾ.

ಕಲಾ ಆ ಮನೆಗೆ ಕಾಲಿಟ್ಟು ಎರಡು ಗಂಟೆಯೂ ಆಗಿರಲಿಲ್ಲ. ಧಾರವಾಡದ ಕಡೆಯ ಹೆಂಗಸು. ಕೈಕಾಲು ಸ್ವಾಧೀನವಿಲ್ಲದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದಿದ್ದಳು. ಅವಳು ಹಿಂದೆ ಇದ್ದ ಮೂರು ಮನೆಗಳಿಗೂ, ಅವಳನ್ನು ಹುಡುಕಿ ಕರೆತಂದ ಜ್ಯೋತ್ಸ್ನಾ ತಾನೇ ಹೋಗಿ ವಿಚಾರಿಸಿಕೊಂಡು ಬಂದಿದ್ದಳು. ಎಲ್ಲಿಯೂ ಒಂದು ಕೆಟ್ಟ ಮಾತು ಕೇಳಿಬಂದಿರಲಿಲ್ಲ.

ಗಂಜಿ ಸ್ವೆಟರಿನ ತೋಳಿಗೂ ಸೋರಿತ್ತು. ಒರೆಸಲೆಂದು ಕಲಾ ಅದನ್ನು ಮೇಲಕ್ಕೆ ಮಡಿಸಿದಳು. ಅವಳ ಕೈ ಅಲ್ಲೇ ನಿಂತುಬಿಟ್ಟಿತು.

ತೃಷಾಳ ಎಡತೋಳಿನ ಮೇಲೆ, ಭುಜದಿಂದ ಗೇಣು ಕೆಳಗೆ, ನಾಲ್ಕು ಕಲೆಗಳು. ಒಂದರ ಕೆಳಗೊಂದು. ಒಳಬದಿಯಲ್ಲಿ ದಪ್ಪಗೆ ಐದನೆಯದು.

“ಅದು ಹಳೇದು,” ಎಂದರು ಬಾಗಿಲಲ್ಲಿ ನಿಂತಿದ್ದ ತೃಷಾಳ ತಾಯಿ ಸುಗಂಧಿ. “ಆ ರಾಜಿ ಮಾಡಿ ಹೋದದ್ದು.”

ಕಲಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ತೃಷಾಳ ಸ್ವೆಟರನ್ನು ಮೆಲ್ಲಗೆ ಕೆಳಗಿಳಿಸಿ, ಕೆನ್ನೆ ಒರೆಸಿ, ಎದ್ದು ತನ್ನ ಕೋಟು ಎತ್ತಿಕೊಂಡಳು.

“ನಾ ಈ ಕೆಲಸಾ ಒಲ್ಲೆರಿ ಅಕ್ಕಾರ. ಮೊನ್ನೆ ಆಕೀ ಮ್ಯಾಲೆ ಬಂತು. ನಾಳೆ ನನ್ನ ಮ್ಯಾಲೆ ಬರತೈತಿ. ನನಗೂ ಮಕ್ಕಳದಾವರಿ.”

ಯಾರೂ ತಡೆಯಲಿಲ್ಲ. ಹೊರಗೆ ಅವಳ ಕಾರು ಸ್ಟಾರ್ಟ್ ಆಗಿ, ಕರಗುತ್ತಿದ್ದ ಹಿಮವನ್ನು ಅರೆಯುತ್ತ ರೂಟ್ ಟ್ವೆಂಟಿಸೆವೆನ್ ಹೆದ್ದಾರಿಯ ಕಡೆಗೆ ಹೋಯಿತು.

ನಾಲ್ಕು ವರ್ಷ ತೃಷಾಳನ್ನು ನೋಡಿಕೊಂಡಿದ್ದ ರಾಜಿಯನ್ನು ಮನೆಯಿಂದ ಹೊರಗೆ ಹಾಕಿ ಅಂದಿಗೆ ಹನ್ನೆರಡು ದಿನ. ಕಲಾ ಮೂರನೆಯವಳು. ಮೊದಲ ಇಬ್ಬರೂ ಹೀಗೇ ಹೋಗಿದ್ದರು.

ಜ್ಯೋತ್ಸ್ನಾಳನ್ನು ಈ ಮನೆಯವರು ಕರೆಸಿದ್ದು ನಂಬಿಕಸ್ಥ ಕೆಲಸದವಳನ್ನು ಹುಡುಕಿಕೊಡಲು. ಕಳೆದ ಅಕ್ಟೋಬರಿನವರೆಗೆ ಅವಳು ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ತನಿಖೆ ಮಾಡುತ್ತಿದ್ದಳು. ಸೊಂಟ ಮುರಿದಿದೆ ಎಂದು ಪರಿಹಾರ ಕೇಳಿದವರ ಮನೆಯೆದುರು ಕಾರಿನಲ್ಲಿ ಕೂತು, ಅವರು ನಿಜವಾಗಿಯೂ ಕುಂಟುತ್ತಾರೆಯೇ ಎಂದು ನೋಡುವುದು ಅವಳ ಕೆಲಸವಾಗಿತ್ತು. ಕಂಪನಿ ಒಂದೇ ದಿನ ಇಡೀ ಮಹಡಿಯವರನ್ನು ಕೆಲಸದಿಂದ ತೆಗೆಯಿತು. ಆಮೇಲೆ ಸುತ್ತಲಿನ ಊರುಗಳಾದ ಕೆಂಡಲ್ ಪಾರ್ಕಿನ, ಎಡಿಸನ್ನಿನ ಕನ್ನಡದವರು ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ನಮ್ಮ ಮನೆಗೆ ಬರುವವಳು ಹೇಗೆ ಅಂತ ಸ್ವಲ್ಪ ನೋಡ್ತೀರಾ?

ಕೆಲಸದವರನ್ನು ನೋಡಿದ್ದಾಯಿತು. ಮನೆಯವರನ್ನು ಇನ್ನೂ ನೋಡಿರಲಿಲ್ಲ.

ಅವಳು ಗಾಲಿಕುರ್ಚಿಯ ಪಕ್ಕ ಮಂಡಿಯೂರಿ ಕೂತಳು. “ತೃಷಾ, ನಾನು ತೋಳು ನೋಡ್ಲಾ?”

ತೃಷಾಳಿಗೆ ಇಪ್ಪತ್ತೇಳು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ, ಕೈಕಾಲೂ ನಾಲಗೆಯೂ ಅವಳ ಮಾತು ಕೇಳುತ್ತಿರಲಿಲ್ಲ. ಕಣ್ಣು ಮಾತ್ರ ಕೇಳುತ್ತಿತ್ತು. ಮೇಲೆ ನೋಡಿದರೆ ಹೌದು. ಕಣ್ಣು ಮುಚ್ಚಿದರೆ ಇಲ್ಲ. ಉದ್ದದ ಮಾತಿದ್ದರೆ ಇಂಗ್ಲಿಷ್ ಅಕ್ಷರಗಳನ್ನು ಬರೆದ ಪಾರದರ್ಶಕ ಹಾಳೆಯೊಂದನ್ನು ಎದುರಿಗೆ ಹಿಡಿಯಬೇಕು. ಒಂದೊಂದೇ ಅಕ್ಷರದ ಮೇಲೆ ಕಣ್ಣು ನಿಲ್ಲಿಸುತ್ತಾಳೆ. ರಾಜಿ ಹೋದ ದಿನದಿಂದ ಅವಳು ಆ ಹಾಳೆಯ ಕಡೆ ನೋಡಿರಲಿಲ್ಲ.

ತೃಷಾ ಕಣ್ಣು ಮುಚ್ಚಿದಳು. ಇಲ್ಲ.

“ಆಯ್ತು. ಬೇಡ,” ಎಂದಳು ಜ್ಯೋತ್ಸ್ನಾ. ಅವಳಿಗೆ ಬೇಕಾದದ್ದು ಆಗಲೇ ಕಂಡಿತ್ತು. ಹನ್ನೆರಡು ದಿನದ ಹಿಂದಿನ ಗಾಯ ಇಷ್ಟು ಹೊತ್ತಿಗೆ ಹಳದಿ ತಿರುಗಿ ಮಾಸಿರಬೇಕಿತ್ತು. ಈ ಕಲೆಗಳು ಹೊಸ ಬದನೆಕಾಯಿಯ ಬಣ್ಣಕ್ಕಿದ್ದವು. ಎರಡು ದಿನದವು, ಹೆಚ್ಚೆಂದರೆ.

ಸೋಮವಾರ ಡಾಕ್ಟರು ತೃಷಾಳನ್ನು ನೋಡಬೇಕಿತ್ತು. ಅಷ್ಟರೊಳಗೆ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಹೊಟ್ಟೆಗೆ ನಳಿಕೆ ಹಾಕುವುದಾಗಿ ಹೇಳಿದ್ದರು. ಅಲ್ಲಿ ಅವಳ ಬಟ್ಟೆ ಬಿಚ್ಚುತ್ತಾರೆ. ಈ ತೋಳನ್ನು ನೋಡುತ್ತಾರೆ. ಆಮೇಲೆ ಸರಕಾರದವರು ಬಂದು ಈ ಮನೆಯ ಬಾಗಿಲು ತಟ್ಟುತ್ತಾರೆ.

ಅಡುಗೆಮನೆಯಲ್ಲಿ ತೃಷಾಳ ಅಣ್ಣ ಅಕ್ಷಿತ್ ಇನ್ನೊಂದು ಪಾತ್ರೆಯಲ್ಲಿ ಗಂಜಿ ಕುದಿಯಲಿಟ್ಟು ನಿಂತಿದ್ದ. ಮೂವತ್ತರ ಹುಡುಗ, ಗಡ್ಡ ಬಿಟ್ಟಿದ್ದ. ಮ್ಯಾನ್‌ಹಟನ್ನಿನಲ್ಲಿ ಬ್ಯಾಂಕಿನ ಕೆಲಸ, ಹೋಬೋಕನ್ನಿನಲ್ಲಿ ನದಿ ಕಾಣುವ ಅಪಾರ್ಟ್‌ಮೆಂಟು ಎರಡೂ ಹೋಗಿ, ಜನವರಿ ಕೊನೆಗೆ ನಾಲ್ಕು ರಟ್ಟಿನ ಡಬ್ಬಿಗಳ ಜೊತೆ ಅಪ್ಪನ ಮನೆಗೆ ಮರಳಿದ್ದ.

ಜ್ಯೋತ್ಸ್ನಾ ಕೈಚೀಲದಿಂದ ಮೂರು ಫೋಟೋ ತೆಗೆದು ಅವನೆದುರು ಇಟ್ಟಳು. ರಾಜಿಯ ಮೇಲಿನ ದೂರಿಗೆ ಸಾಕ್ಷಿಯೆಂದು ಸುಗಂಧಿಯೇ ತೆಗೆದು ಕೊಟ್ಟಿದ್ದ ಫೋಟೋಗಳು. ಮೂಲೆಯಲ್ಲಿ ಕ್ಯಾಮರಾ ಒತ್ತಿದ ತಾರೀಖು.

“ಫೆಬ್ರವರಿ ಒಂಬತ್ತು, ಹದಿನಾರು, ಇಪ್ಪತ್ಮೂರು. ಮೂರೂ ಸೋಮವಾರ, ಅಕ್ಷಿತ್.”

“ಸೋ?”

“ರಾಜಿ ಇಲ್ಲಿ ಇರ್ತಿದ್ದದ್ದು ಸೋಮವಾರದಿಂದ ಶುಕ್ರವಾರ. ಶನಿವಾರ ಭಾನುವಾರ ಎಡಿಸನ್ನಲ್ಲಿ, ಶೈಲಮ್ಮನವರ ಬೇಸ್‌ಮೆಂಟಲ್ಲಿ ಬಾಡಿಗೆಗೆ. ಸೋಮವಾರ ಬೆಳಿಗ್ಗೆ ಅವಳು ಬಂದು ಸ್ನಾನ ಮಾಡಿಸೋ ಹೊತ್ತಿಗೆ ಗುರುತು ಆಗ್ಲೇ ಇರ್ತಿತ್ತು. ಆಗಿದ್ದು ವೀಕೆಂಡಲ್ಲಿ.”

ಅಕ್ಷಿತ್ ಸೌಟು ತಿರುಗಿಸುವುದನ್ನು ನಿಲ್ಲಿಸಿದ. “ಆಂಟಿ, ಯು ಥಿಂಕ್ ಇಟ್ಸ್ ಮಿ.”

“ನೀನು ಬಂದಿದ್ದು ಜನವರಿ ಕೊನೆಗೆ. ಮೊದಲನೇ ಗುರುತು ಫೆಬ್ರವರಿ ಒಂಬತ್ತಕ್ಕೆ.”

“ಐ ನೋ ಹೌ ಇಟ್ ಲುಕ್ಸ್.” ಅವನು ಕೈ ಒರೆಸಿಕೊಂಡ. ಮುಖ ಸುಟ್ಟವನಂತೆ ಕೆಂಪಾಗಿತ್ತು. “ಹನ್ನೆರಡು ದಿನದಿಂದ ಅವಳು ಏನಾದ್ರೂ ತಿಂದಿದ್ರೆ ನನ್ನ ಕೈಯಲ್ಲಿ. ದಿನಕ್ಕೆ ಐದಾರು ಸ್ಪೂನ್. ನಾನು ಟ್ರೇನಲ್ಲಿ ಹೋಗೋ ತರ ಸ್ಟೇಷನ್ ಹೆಸರು ಹೇಳ್ತೀನಿ. ಎಡಿಸನ್, ಮೆಟುಚೆನ್, ಮೆಟ್ರೊಪಾರ್ಕ್. ಒಂದು ಸ್ಟೇಷನ್‌ಗೆ ಒಂದು ಸಲ ಬಾಯಿ ತೆಗೀತಾಳೆ. ನ್ಯೂವರ್ಕ್ ತಲುಪೋಕೆ ಮುಂಚೆ ಮುಚ್ಕೊಂಡ್ಬಿಡ್ತಾಳೆ.” ಅವನು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದ. “ಷಿ ಈಸ್ ಸ್ಟಾರ್ವಿಂಗ್ ಹರ್‌ಸೆಲ್ಫ್, ಆಂಟಿ.”

“ಯಾಕೆ?”

ಅವನು ಒಲೆಯ ಕಡೆ ತಿರುಗಿದ. ಸೌಟು ಮತ್ತೆ ಎತ್ತಿಕೊಂಡ. ಅವನಿಗೆ ಗೊತ್ತಿಲ್ಲದೆಯೋ, ಗೊತ್ತಿದ್ದೋ, ಜ್ಯೋತ್ಸ್ನಾಳಿಗೆ ತಿಳಿಯಲಿಲ್ಲ.

ಅವಳು ತೃಷಾಳ ಕೋಣೆಗೆ ಮರಳಿದಾಗ ಸುಗಂಧಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಎರಡು ಸ್ಟೀಲ್ ಲೋಟದಲ್ಲಿ ಕಾಫಿ ತಂದಿದ್ದರು. ಒಂದು ಮೇಜಿನ ಮೇಲಿತ್ತು, ಒಂದು ಅವರ ಮುಷ್ಟಿಯಲ್ಲಿ.

“ಕುಡಿಯಿರಿ. ಬಿಸಿ ಉಂಟು.”

ಜ್ಯೋತ್ಸ್ನಾ ಮೇಜಿನ ಮೇಲಿನ ಲೋಟಕ್ಕೆ ಕೈಹಾಕಿ, ಚುರ್ ಎಂದು ಹಿಂದೆಗೆದಳು. ಸುಗಂಧಿಯ ಕಡೆ ನೋಡಿದಳು. ಅವರು ಅಷ್ಟೇ ಬಿಸಿಯ ಲೋಟವನ್ನು ಐದು ಬೆರಳಲ್ಲೂ ಬಿಗಿಯಾಗಿ ಹಿಡಿದಿದ್ದರು. ಬೆರಳ ಗಿಣ್ಣು ಬೆಳ್ಳಗಾಗಿತ್ತು.

“ಆಂಟಿ, ಸುಡ್ತಾ ಇಲ್ವಾ ನಿಮಗೆ?”

“ಅಭ್ಯಾಸ.”

“ಲೋಟ ಕೆಳಗಿಡಿ. ಕೈ ತೋರಿಸಿ.”

ಬಲಗೈಯ ಹೆಬ್ಬೆರಳಿನ ಮೇಲೂ ತೋರುಬೆರಳಿನ ಮೇಲೂ ಬೊಬ್ಬೆಗಳಿದ್ದವು. ಒಂದು ಒಡೆದು ಚರ್ಮ ಸುಲಿದಿತ್ತು.

“ಇದು ಯಾವಾಗ ಆಯ್ತು?”

“ಎಂತದ್ದು?” ಸುಗಂಧಿ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಕೈ ನೋಡುವ ಹಾಗೆ. “ಗೊತ್ತೇ ಆಗ್ಲಿಲ್ಲ. ದೋಸೆ ಮಾಡುವಾಗ ಆಗಿರಬೇಕು.”

“ಶುಗರ್ ಇದೆಯಲ್ವಾ ನಿಮಗೆ? ಡಾಕ್ಟರ್ ಹತ್ರ ಹೋಗಿ ಎಷ್ಟು ದಿನ ಆಯ್ತು?”

“ಬೇಸಿಗೆಯಲ್ಲಿ ಹೋದದ್ದು. ಮತ್ತೆ ನಮ್ಮ ಮೋಟೆಲಿಗೆ ಜನ ಬರುದು ನಿಂತು, ಇವರು ನಮ್ಮಿಬ್ಬರ ಇನ್ಶೂರೆನ್ಸ್ ನಿಲ್ಲಿಸಿಬಿಟ್ರು. ತೃಷಾಳದ್ದು ಬೇರೆ, ಅದು ಉಂಟು.” ಅವರು ಒಂದು ಸಣ್ಣ ನಗು ನಕ್ಕರು. “ಕಾಲು ಮೊದಲಿಂದ್ಲೂ ಜೋಮು. ಈಗ ಕೈ ಸಹ ಸ್ವಲ್ಪ. ನನಗೆಂತ, ಕೆಲಸ ನಡೀತದೆ.”

ಬಾಗಿಲ ಹಿಂದಿನ ಮೊಳೆಗೆ ಅಗಲವಾದ ಕ್ಯಾನ್ವಾಸ್ ಪಟ್ಟಿಯೊಂದು ನೇತಾಡುತ್ತಿತ್ತು. ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತುವಾಗ ಸೊಂಟಕ್ಕೆ ಕಟ್ಟುವಂಥದ್ದು.

“ಅದನ್ನ ಹಾಕಲ್ವಾ ನೀವು?”

“ಆ ಬಕ್ಕಲ್ ನನ್ನ ಬೆರಳಿಗೆ ಸಿಕ್ಕುದಿಲ್ಲ. ರಾಜಿ ಹಾಕ್ತಿದ್ದಳು. ನಾನು ತೋಳು ಹಿಡಿದೇ ಎತ್ತುದು. ಇಪ್ಪತ್ತೇಳು ವರ್ಷದಿಂದ ಎತ್ತಿದ್ದೇನೆ.”

ಜ್ಯೋತ್ಸ್ನಾ ಆ ಪಟ್ಟಿಯನ್ನು ಮುಟ್ಟಿ ನೋಡಿದಳು. ಹಿಂದಿನ ಕೆಲಸದಲ್ಲಿ ಸುಳ್ಳನ್ನು ಹಿಡಿದಾಗಲೆಲ್ಲ ಅವಳಿಗೆ ಒಂದು ಬಗೆಯ ಗೆಲುವಿನ ಉತ್ಸಾಹ ಬರುತ್ತಿತ್ತು. ಈಗ ಅದು ಬರಲಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಅವಳು ಸ್ವೆಟರು ತೆಗೆದು, ಅಂಗಿಯ ತೋಳು ಮಡಿಸಿ, ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

“ಆಂಟಿ, ನನ್ನನ್ನ ತೃಷಾ ಅಂದ್ಕೊಳ್ಳಿ. ಕುರ್ಚೀಲಿ ಕೂರಿಸೋಕೆ ಎತ್ತೋ ಹಾಗೇ ಎತ್ತಿ.”

“ಎಂತ ತಮಾಷೆ ಇದು?”

“ತಮಾಷೆ ಅಲ್ಲ. ದಯವಿಟ್ಟು.”

ಸುಗಂಧಿ ಎದುರು ಬಂದು ನಿಂತು, ಬಗ್ಗಿ, ಎರಡೂ ತೋಳುಗಳನ್ನು ಹಿಡಿದರು. ಜ್ಯೋತ್ಸ್ನಾಳ ಬಾಯಿಂದ ಅವಳಿಗೆ ತಿಳಿಯದೆಯೇ ಒಂದು ಸದ್ದು ಹೊರಟಿತು. ಕಬ್ಬಿಣದ ಇಕ್ಕಳದಲ್ಲಿ ಸಿಕ್ಕಿದ ಹಾಗಿತ್ತು. ಬೆರಳುಗಳು ಮಾಂಸವನ್ನು ದಾಟಿ ಎಲುಬಿಗೆ ಇಳಿದವು.

“ಜೋರಾಗಿ ಹಿಡಿದ್ರಾ?” ಎಂದು ಕೇಳಿದಳು, ಹಲ್ಲು ಕಚ್ಚಿ.

“ಇಲ್ಲಪ್ಪ. ಮೆಲ್ಲ ಹಿಡಿದದ್ದು. ಮಗುವನ್ನು ಯಾರಾದ್ರೂ ಜೋರು ಹಿಡೀತಾರಾ?”

“ಬಿಡಿ ಆಂಟಿ. ಈಗ ನೋಡಿ.”

ತೋಳಿನ ಮೇಲೆ ಗುರುತು ನಿಧಾನವಾಗಿ ಏಳುತ್ತಿತ್ತು. ಹೊರಗೆ ನಾಲ್ಕು ಕೆಂಪು ಪಟ್ಟಿ, ಒಳಗೊಂದು. ಜ್ಯೋತ್ಸ್ನಾ ಮೂರನೆಯ ಸೋಮವಾರದ ಫೋಟೋವನ್ನು ತನ್ನ ತೋಳಿನ ಪಕ್ಕದಲ್ಲಿ ಹಿಡಿದಳು.

ಸುಗಂಧಿ ಫೋಟೋ ನೋಡಿದರು. ತೋಳು ನೋಡಿದರು. ಮತ್ತೆ ಫೋಟೋ.

“ಇಲ್ಲ,” ಎಂದರು.

ಆಮೇಲೆ ತಮ್ಮ ಎಡಗೈಯ ಅಂಗೈಗೆ ಬಲಗೈಯ ಉಗುರನ್ನು ಒತ್ತಿದರು. ಒತ್ತುತ್ತಲೇ ಹೋದರು. ಉಗುರು ಇಳಿದಲ್ಲಿ ರಕ್ತ ಜಿನುಗಿತು. ಅವರ ಮುಖದಲ್ಲಿ ನೋವಿನ ಗೆರೆಯೊಂದೂ ಮೂಡಲಿಲ್ಲ. ಭಯ ಮಾತ್ರ ಮೂಡಿತು.

“ನನಗೆ ಗೊತ್ತಾಗುದಿಲ್ಲ, ಜ್ಯೋತ್ಸ್ನಾ. ಎಷ್ಟು ಹಿಡಿದೆ ಅಂತ ನನಗೇ ಗೊತ್ತಾಗುದಿಲ್ಲ.”

ಜ್ಯೋತ್ಸ್ನಾ ಆ ಕೈಗಳನ್ನು ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು. “ರಾಜಿನ ಕಳಿಸಿದ ಸೋಮವಾರ ತೃಷಾನ ಕೇಳಿದ್ರಾ ನೀವು, ಯಾರು ಅಂತ?”

“ಕೇಳಿದೆ. ರಾಜಿಯಾ ಅಂದೆ. ಕಣ್ಣು ಮುಚ್ಚಿದಳು. ಪಪ್ಪನಾ ಅಂದೆ. ಮುಚ್ಚಿದಳು. ಅಣ್ಣನಾ? ಅದಕ್ಕೂ ಮುಚ್ಚಿದಳು. ಮೂರಕ್ಕೂ ಇಲ್ಲ. ಇವಳು ರಾಜಿಯನ್ನು ಉಳಿಸ್ಲಿಕ್ಕೆ ಸುಳ್ಳು ಹೇಳ್ತಾಳೆ ಅಂತ ನನ್ನ ತಲೆಗೆ ಹೋಯ್ತು.”

“ಮನೇಲಿ ನಾಲ್ಕು ಜನ ಅಲ್ವಾ ಅವಳನ್ನ ಮುಟ್ತಿದ್ದದ್ದು?”

ಸುಗಂಧಿ ಗಾಲಿಕುರ್ಚಿಯ ಮುಂದೆ ಹೋಗಿ, ಕುಸಿದು ಕೂತರು. ಮಗಳ ಮುಖ ಅವರ ಮುಖಕ್ಕೆ ಸಮನಾಗಿತ್ತು.

“ಮಗಾ, ನಾನಾ?”

ತೃಷಾ ತಾಯಿಯನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ಗಟ್ಟಿಯಾಗಿ, ರೆಪ್ಪೆಗಳು ಸುಕ್ಕಾಗುವಷ್ಟು ಗಟ್ಟಿಯಾಗಿ.

ಇಲ್ಲ.

ಮುಚ್ಚಿದ ಕಣ್ಣಿನ ಎರಡೂ ಕೊನೆಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಆ ಸುಳ್ಳನ್ನು ನಂಬಲು ಸುಗಂಧಿಯಿಂದ ಆಗಲಿಲ್ಲ. ಮಗಳನ್ನು ಅಪ್ಪಿಕೊಳ್ಳಲು ಎರಡೂ ಕೈ ಚಾಚಿದರು. ಅರ್ಧದಲ್ಲೇ ನಿಲ್ಲಿಸಿದರು. ಆ ಕೈಗಳನ್ನು ಹಿಂದಕ್ಕೆಳೆದು, ಸೆರಗಿನಲ್ಲಿ ಸುತ್ತಿ, ಹೊಟ್ಟೆಗೆ ಒತ್ತಿಕೊಂಡು, ಹಣೆಯನ್ನು ಮಾತ್ರ ಮಗಳ ಮಂಡಿಗೆ ಆನಿಸಿ ಅತ್ತರು.

ಜ್ಯೋತ್ಸ್ನಾ ಕಿಟಕಿಯ ಕಡೆ ತಿರುಗಿ ನಿಂತಳು. ಎದುರು ಮನೆಯ ಅಂಗಳದಲ್ಲಿ ‘ಮಾರಾಟಕ್ಕಿದೆ’ ಎಂಬ ಫಲಕ ಹಿಮದಲ್ಲಿ ಓರೆಯಾಗಿತ್ತು.

“ರಾಜಿಗೆ ನಾನು ಎಂತೆಲ್ಲ ಹೇಳಿದೆ,” ಎಂದರು ಸುಗಂಧಿ. “ಹೆತ್ತವಳಲ್ಲ ನೀನು, ನಿನಗೆಲ್ಲಿ ಗೊತ್ತಾಗಬೇಕು ಅಂದೆ. ನಾಲ್ಕು ವರ್ಷ ನನ್ನ ಮಗುವಿನ ಮೈ ತೊಳೆದವಳಿಗೆ.”

“ಅವಳೇನು ಹೇಳಿದ್ಳು?”

“ಏನೂ ಹೇಳ್ಲಿಲ್ಲ. ನನ್ನ ಕೈಯನ್ನೇ ನೋಡ್ತಾ ನಿಂತಿದ್ದಳು.” ಸುಗಂಧಿ ತಲೆಯೆತ್ತಿದರು. “ಅವಳಿಗೆ ಗೊತ್ತಿತ್ತು, ಅಲ್ವಾ?”

“ಗೊತ್ತಿತ್ತು ಅನ್ಸುತ್ತೆ.”

“ಕರೀರಿ ಅವಳನ್ನು. ನಾನು ಕಾಲು ಹಿಡೀತೇನೆ. ಅವಳು ಬಂದ್ರೆ ಇವಳು ತಿಂತಾಳೆ.”

ರಾಜಿಯ ಮೊಬೈಲು ಸ್ವಿಚ್ ಆಫ್ ಆಗಿತ್ತು. ಜ್ಯೋತ್ಸ್ನಾ ಎಡಿಸನ್ನಿನ ಶೈಲಮ್ಮನವರ ಮನೆಗೆ ಫೋನ್ ಮಾಡಿ, ಸುಗಂಧಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು. ದನಿ ಅಡುಗೆಮನೆಯವರೆಗೂ ಕೇಳುವಂತಿತ್ತು.

“ರಾಜಿನಾ?” ಶೈಲಮ್ಮನವರ ದನಿಯಲ್ಲಿ ಆಶ್ಚರ್ಯ. “ಅವಳು ಸುಗಂಧಿಯವರ ಮನೇಲೇ ಇದಾಳಲ್ಲಮ್ಮ. ಎರಡು ವಾರ ಆಯ್ತು, ಇತ್ಲಾಗೆ ಬಂದೇ ಇಲ್ಲ. ವೀಕೆಂಡೂ ಅಲ್ಲೇ ಇರ್ತೀನಿ, ಕೆಲಸ ಜಾಸ್ತಿ ಇದೆ ಅಂತ ಮೆಸೇಜ್ ಕಳಿಸಿದ್ಳು.”

“ಯಾವತ್ತು ಬಂತು ಮೆಸೇಜು?”

“ಇಪ್ಪತ್ಮೂರನೇ ತಾರೀಖು ಸಾಯಂಕಾಲ. ನನಗೂ ಸ್ವಲ್ಪ ವಿಚಿತ್ರ ಅನ್ನಿಸ್ತು ಕಣಮ್ಮ. ರಾಜಿ ಯಾವಾಗ್ಲೂ ಕನ್ನಡನೇ ಇಂಗ್ಲಿಷ್ ಅಕ್ಷರದಲ್ಲಿ ಬರೀತಾಳೆ, ತಪ್ಪುತಪ್ಪಾಗಿ. ಇದು ಚೆನ್ನಾಗಿ ಇಂಗ್ಲಿಷಲ್ಲಿತ್ತು. ಆಫೀಸಿನವರು ಬರೆದ ಹಾಗೆ.”

ಜ್ಯೋತ್ಸ್ನಾ ಫೋನ್ ಇಟ್ಟಳು. ಆ ಮೆಸೇಜು ರಾಜಿ ಬರೆದದ್ದಲ್ಲ. “ಆವತ್ತು ರಾಜಿನ ಯಾರು ಕರ್ಕೊಂಡು ಹೋಗಿ ಬಿಟ್ಟಿದ್ದು?”

“ಇವರು. ಮೋಟೆಲಿಂದ ಬಂದು. ನಾನು ತೃಷಾಳ ಜೊತೆ ಈ ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ಪಪ್ಪ ಬಂದು ಕರ್ಕೊಂಡು ಹೋದ್ರು ಅಂತ ಅಕ್ಷಿತ್ ಆಮೇಲೆ ಹೇಳಿದ.”

ಸುಗಂಧಿ ಜೋಮು ಹಿಡಿದ ಬೆರಳಿನಿಂದ ಗಂಡನ ನಂಬರು ಒತ್ತಲು ಹೋಗಿ ಎರಡು ಸಲ ತಪ್ಪಿದರು. ಜ್ಯೋತ್ಸ್ನಾ ಒತ್ತಿ, ಸ್ಪೀಕರ್ ಹಾಕಿಕೊಟ್ಟಳು. ರೂಟ್ ಒನ್ ಪಕ್ಕದ ಮೋಟೆಲಿನ ಕೌಂಟರಿನಿಂದ ರಮಾನಾಥ ಮಾತಾಡಿದರು.

“ನಾನಾ? ನಾನು ಆ ದಿನ ಇಲ್ಲಿಂದ ಹಂದಲೇ ಇಲ್ಲವಲ್ಲ. ಹೀಟಿಂಗ್ ಹಾಳಾಗಿತ್ತು. ಅಕ್ಷಿತನೇ ಎಡಿಸನ್ನಿಗೆ ಬಿಟ್ಟು ಬಂದದ್ದು. ಮನೆಯೊಳಗೆ ಹೋಗುವ ತನಕ ನೋಡಿದೆ ಅಂತ ನನ್ನತ್ರ ಹೇಳಿದನಲ್ಲ. ಯಾಕೆ, ಎಂತ ಆಯ್ತು?”

ಸುಗಂಧಿಯ ಕೈಯಿಂದ ಫೋನ್ ಜಾರಿತು. ಕೋಣೆಯೊಳಗೆ ಸೀದ ಅನ್ನದ ವಾಸನೆ ಬರುತ್ತಿತ್ತು.

“ಅಕ್ಷಿತ್?” ಎಂದು ಕೂಗಿದಳು ಜ್ಯೋತ್ಸ್ನಾ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಗಂಜಿ ತಳ ಹಿಡಿದು ಹೊಗೆಯೇಳುತ್ತಿತ್ತು. ಅವಳು ಒಲೆ ಆರಿಸುವಷ್ಟರಲ್ಲಿ ಗರಾಜಿನ ಬಾಗಿಲು ಗಡಗಡನೆ ಮೇಲೇಳುವ ಸದ್ದು ಕೇಳಿಸಿತು. ಮುಂಬಾಗಿಲು ತೆರೆದು ಹೊರಗೆ ಓಡಿದಳು. ಬೂದು ಬಣ್ಣದ ಕಾರು ಹಿಂದಕ್ಕೆ ಸರಿದು, ಹಿಮದ ಗುಡ್ಡೆಗೆ ತಾಗಿ, ತಿರುಗಿ, ನೇರವಾಯಿತು. ಗಾಜಿನ ಹಿಂದೆ ಅಕ್ಷಿತನ ಮುಖ ಒಂದು ಗಳಿಗೆ ಕಂಡಿತು. ಅವನು ಅಳುತ್ತಿದ್ದ.

“ನಿಲ್ಲಿಸು! ಅಕ್ಷಿತ್!”

ಕಾರು ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಯಿತು.

ಒಳಗಿನಿಂದ ಒಂದು ಕೂಗು ಕೇಳಿಸಿತು. ಗಂಟಲಿನಿಂದ ಬಂದ, ಪದವಿಲ್ಲದ ಕೂಗು. ತೃಷಾಳದು. ಜ್ಯೋತ್ಸ್ನಾ ಓಡಿ ಬಂದಾಗ ತೃಷಾಳ ಇಡೀ ಮೈ ಕುರ್ಚಿಯ ಬೆಲ್ಟಿಗೆ ಎಳೆದಾಡುತ್ತಿತ್ತು. ಅವಳ ಕಣ್ಣು ಗೋಡೆಗೆ ಒರಗಿಸಿದ್ದ ಅಕ್ಷರದ ಹಾಳೆಯ ಮೇಲಿತ್ತು.

ಜ್ಯೋತ್ಸ್ನಾ ಹಾಳೆಯನ್ನು ತಂದು ಇಬ್ಬರ ಮುಖದ ನಡುವೆ ಹಿಡಿದಳು. ತೃಷಾಳ ಕಣ್ಣುಗಳು ಅದರ ಮೇಲೆ ಓಡಿದವು, ನಿಂತವು, ಮತ್ತೆ ಓಡಿದವು.

ಎಸ್. ಟಿ. ಒ. ಪಿ.

“ಸ್ಟಾಪ್?”

ತೃಷಾ ಮೇಲೆ ನೋಡಿದಳು. ಹೌದು. ತಕ್ಷಣ ಮತ್ತೆ ಹಾಳೆಗೆ ಇಳಿದಳು. ಇನ್ನೂ ಮುಗಿದಿರಲಿಲ್ಲ.

ಎಚ್. ಐ. ಎಂ. ಅವನನ್ನು ತಡೆಯಿರಿ.